ಊರಿನ ಚರಿತ್ರೆಗೊಂದು ಕೂಟ: ಕಲ್ಲು ಓದಿಸಿ, ಊರವರನ್ನು ಕೂರಿಸಿ ಮಾತಾಡುವುದು ಹೇಗೆ?

ಊರಿನ ಇತಿಹಾಸದ ಬಗ್ಗೆ ಉಪನ್ಯಾಸ ಎಂದರೆ ಹೆಚ್ಚಿನ ಕಡೆ ನಡೆಯುವುದು ಇಷ್ಟು: ಪಟ್ಟಣದಿಂದ ಅತಿಥಿಗಳು ಬರುತ್ತಾರೆ, ಹಾರ ಶಾಲು ಮುಗಿಯುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ, ಆಮೇಲೆ ವಿಜಯನಗರದ ವೈಭವ ಕುರಿತು ಒಂದೂವರೆ ಗಂಟೆಯ ಭಾಷಣ. ಕೇಳುತ್ತ ಕುಳಿತವರ ಬೆನ್ನ ಹಿಂದೆಯೇ ಸಾವಿರ ವರ್ಷದ ವೀರಗಲ್ಲೊಂದು ನೀಲಿ ಎನಾಮಲ್ ಬಳಿಸಿಕೊಂಡು ನಿಂತಿರುತ್ತದೆ; ಅದರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ವಿಜಯನಗರದ ಬಗ್ಗೆ ಓದಿಕೊಳ್ಳಲು ಪುಸ್ತಕಗಳು ಬೇಕಾದಷ್ಟಿವೆ. ಆ ಕಲ್ಲಿನ ಬಗ್ಗೆ, ಊರ ಕೆರೆಯ ಬಗ್ಗೆ, ಜನವಿಲ್ಲದೆ ಬೇಚರಾಕ್ ಆಗಿ ನಕ್ಷೆಯಲ್ಲಷ್ಟೇ ಉಳಿದಿರುವ ಪಕ್ಕದ ಹಳ್ಳಿಯ ಬಗ್ಗೆ ಊರವರೇ ಮಾತಾಡಬೇಕು. ಆದ್ದರಿಂದ ನನ್ನ ಹಠ ಒಂದೇ: ಒಂದು ಸಂಜೆಗೆ ಒಂದೇ ವಿಷಯ, ಅದೂ ಊರಿನ ಎಲ್ಲೆಯೊಳಗಿನದು.

1. ಕೂಟ ಸೇರಿಸುವುದು

ಐದಾರು ಜನ ಸಾಕು. ಶಾಲೆಯ ಮೇಷ್ಟ್ರು ಒಬ್ಬರು, ಹೊಲಗದ್ದೆಗಳ ಹೆಸರು ಬಲ್ಲ ನೀರುಗಂಟಿ (ಕೆರೆಯ ನೀರು ಬಿಡುವವರ) ಮನೆತನದವರೊಬ್ಬರು, ಹಾಡು ಬಲ್ಲ ಹೆಂಗಸರು ಇಬ್ಬರಾದರೂ, ಒಳ್ಳೆಯ ಮೊಬೈಲ್ ಇರುವ ಹುಡುಗನೋ ಹುಡುಗಿಯೋ. ಎಲ್ಲ ಕೇರಿಗಳಿಂದಲೂ ಜನರಿರಬೇಕು. ಇದು ಸೌಜನ್ಯದ ಮಾತಲ್ಲ. ಒಂದೇ ಕೇರಿಯವರು ಬರೆದ ಊರಿನ ಚರಿತ್ರೆಯಲ್ಲಿ ಅರ್ಧ ಊರು ಇರುವುದೇ ಇಲ್ಲ.

ಮೊದಲ ವರ್ಷ ನೋಂದಣಿಯ ಗೋಜಿಗೆ ಹೋಗಬೇಡಿ. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು, ನಿಜ. ಆದರೆ ಅಧ್ಯಕ್ಷರು ಯಾರು, ಲೆಟರ್‌ಹೆಡ್‌ನಲ್ಲಿ ಯಾರ ಹೆಸರು ಮೇಲೆ ಎಂಬ ಚರ್ಚೆಯಲ್ಲಿಯೇ ಕೂಟ ಒಡೆದುಹೋಗುತ್ತದೆ. ಹತ್ತು ಮಾತುಕತೆಗಳು ನಡೆಯಲಿ, ಆಮೇಲೆ ನೋಡೋಣ. ಸದ್ಯಕ್ಕೆ ಗಟ್ಟಿ ರಟ್ಟಿನ ಒಂದು ದಪ್ಪ ನೋಟ್‌ಬುಕ್ ಕೊಳ್ಳಿ; ಅದೇ ಕೂಟದ ಕಚೇರಿ.

2. ವಿಷಯ ಆರಿಸುವುದು

ಕಣ್ಣಿಗೆ ಕಾಣುವ, ಕೈಯಿಟ್ಟು ತೋರಿಸಬಹುದಾದ ವಸ್ತುವನ್ನೇ ಆರಿಸಿ. ಕೆರೆಯ ತೂಬು, ಸತಿ ಹೋದವಳ ನೆನಪಿನ ಮಾಸ್ತಿಗಲ್ಲು, ಲಿಂಗಮುದ್ರೆಯ ಗಡಿಕಲ್ಲು, ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರ್, ಹಾಳೂರಿನ ಬಾವಿ. ‘ನಮ್ಮೂರಿನ ಭವ್ಯ ಪರಂಪರೆ’ ಎಂಬ ವಿಷಯ ಬೇಡವೇ ಬೇಡ.

3. ಕಲ್ಲನ್ನು ಓದುವುದು

ಕೆಲಸ ಕೆಡುವುದು ಇಲ್ಲಿಯೇ. ಉತ್ಸಾಹದಲ್ಲಿ ಜನ ಮೊದಲು ಕಲ್ಲು ತೊಳೆಯಲು ಹೊರಡುತ್ತಾರೆ. ತಂತಿ ಬ್ರಷ್, ಸೋಪಿನ ಪುಡಿ, ಸ್ನಾನದ ಮನೆ ತೊಳೆಯುವ ಆ್ಯಸಿಡ್, ಕೊನೆಗೆ ಅಕ್ಷರ ‘ಎದ್ದು ಕಾಣಲಿ’ ಎಂದು ಬಿಳಿ ಬಣ್ಣ. ಸಾವಿರ ವರ್ಷದ ಮಳೆ ಬಿಸಿಲಿಗೆ ಉಳಿದಿದ್ದ ಅಕ್ಷರ ಒಂದು ಬೆಳಗಿನಲ್ಲಿ ಸವೆದುಹೋಗುತ್ತದೆ. ಬಣ್ಣ ತುಂಬುವವರು ಇನ್ನೂ ಒಂದು ಅಪಾಯ ಮಾಡುತ್ತಾರೆ: ತಮಗೆ ತೋಚಿದ ಗೆರೆಗೆ ಬಣ್ಣ ತುಂಬಿದರೆ ‘ಮ’ ಹೋಗಿ ‘ವ’ ಆಗುತ್ತದೆ, ಮುಂದೆ ಬಂದವರೆಲ್ಲ ಆ ತಪ್ಪನ್ನೇ ಓದುತ್ತಾರೆ. ಕಲ್ಲಿಗೆ ಹೊಳಪು ಕೊಡುತ್ತದೆಂದು ಅಂಗಡಿಯಲ್ಲಿ ಮಾರುವ ದ್ರಾವಣಗಳು ನೆಲಹಾಸಿಗೆ ಮಾಡಿದವು, ಶಾಸನಕ್ಕಲ್ಲ. ಬೇಕಾಗಿರುವುದು ಒಂದು ಬಿಂದಿಗೆ ನೀರು, ಮೆತ್ತನೆಯ ಬ್ರಷ್, ತಾಳ್ಮೆ. ಮಣ್ಣು ಹೋದರೆ ಸಾಕು. ಕಲ್ಲಿಗೆ ಕಚ್ಚಿಕೊಂಡ ಕಲ್ಲುಹೂವನ್ನು ಚಾಕುವಿನಿಂದ ಕೆರೆಯಬೇಡಿ. ಕಲ್ಲಿಗೆ ಪೂಜೆ ನಡೆಯುತ್ತಿದ್ದರೆ ನೀರು ಹಾಕುವ ಮೊದಲು ಪೂಜೆ ಮಾಡುವ ಮನೆಯವರನ್ನು ಕೇಳಿ, ಆ ದಿನ ಅವರನ್ನೇ ಮುಂದೆ ನಿಲ್ಲಿಸಿಕೊಳ್ಳಿ.

ಕಲ್ಲಿನ ಬುಡ ಹೂತಿದ್ದರೆ ಅಗೆಯಬೇಡಿ. ಕೆಳಗಿನ ಸಾಲುಗಳ ಆಸೆ ಸಹಜವೇ. ಆದರೆ ಹಾರೆ ಹಿಡಿದವರನ್ನು ಕಂಡ ಕೂಡಲೇ ‘ನಿಧಿ’ ಎಂಬ ಮಾತು ಹುಟ್ಟುತ್ತದೆ, ಅದಾದ ವಾರದಲ್ಲಿ ರಾತ್ರಿ ಹೊತ್ತು ಬೇರೆಯವರು ಹಾರೆ ಹಿಡಿದು ಬರುತ್ತಾರೆ. ರಾಜ್ಯ ಪುರಾತತ್ವ ಇಲಾಖೆಗೆ ಫೋಟೊ ಸಮೇತ ಪತ್ರ ಬರೆಯಿರಿ.

ಅಕ್ಷರ ಕಾಣಿಸಲು ಸುಣ್ಣ, ರಂಗೋಲಿ, ಮೈದಾ ಹಿಟ್ಟು ಏನೂ ಬೇಡ. ಓರೆ ಬೆಳಕು ಬೇಕು. ಕತ್ತಲಾದ ಮೇಲೆ ಹೋಗಿ. ಕಲ್ಲಿನ ಎಡ ಅಂಚಿಗೆ ಟಾರ್ಚನ್ನು ಬಹುತೇಕ ತಾಗಿಸಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿಯಿರಿ. ಹಗಲಿನಲ್ಲಿ ಬರಿಯ ಗರಗಸದ ಗುರುತಿನಂತೆ ಕಾಣುತ್ತಿದ್ದ ಗೆರೆಗಳು ನೆರಳು ತುಂಬಿಕೊಂಡು ಅಕ್ಷರಗಳಾಗಿ ಎದ್ದು ನಿಲ್ಲುತ್ತವೆ. ಟಾರ್ಚನ್ನು ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಸರಿಸಿ, ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಯಿರಿ. ಮೊಬೈಲ್‌ನ ಫ್ಲ್ಯಾಶ್ ಆರಿಸಿಡಿ. ಎದುರಿನಿಂದ ಬೀಳುವ ಬೆಳಕಿನಲ್ಲಿ ಅಕ್ಷರ ಸತ್ತುಹೋಗುತ್ತದೆ. ಮೊದಲು ಇಡೀ ಕಲ್ಲು, ಪಕ್ಕದಲ್ಲಿ ಅಳತೆಪಟ್ಟಿ. ಆಮೇಲೆ ಎರಡೆರಡು ಸಾಲಿನ ಹತ್ತಿರದ ಚಿತ್ರ, ಒಂದರ ಕೊನೆಯ ಸಾಲು ಮುಂದಿನದರಲ್ಲೂ ಬರುವಂತೆ. ಹಿಂಭಾಗ ಮತ್ತು ಅಂಚುಗಳನ್ನು ಮರೆಯಬೇಡಿ, ಬರಹ ಅಲ್ಲಿಗೂ ತಿರುಗಿರುತ್ತದೆ. ಕಾಗದ ಒತ್ತಿ, ಮಸಿ ಹಾಕಿ ಪಡಿಯಚ್ಚು ತೆಗೆಯುವುದು ಬಲ್ಲವರ ಕೆಲಸ. ಯೂಟ್ಯೂಬ್ ನೋಡಿ ಕಲಿಯುವುದಲ್ಲ.

ಇನ್ನು ಓದುವುದು. ನಿಮ್ಮೂರಿನ ಶಾಸನವನ್ನು ಯಾರೋ ನೂರು ವರ್ಷಗಳ ಹಿಂದೆಯೇ ಓದಿ ಅಚ್ಚು ಹಾಕಿಸಿರುವ ಸಾಧ್ಯತೆ ಬಹಳ. ಶಾಸನತಜ್ಞ ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನಿಂದ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳು ತಾಲ್ಲೂಕುವಾರು, ಊರುವಾರು ಇವೆ. ಪರಿಷ್ಕೃತ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾಲಯ ಹೊರತಂದಿದೆ. ಸ್ಕ್ಯಾನ್ ಮಾಡಿದ ಪ್ರತಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಹುಡುಕುವಾಗ ಜನ ಎಡವುವುದು ಜಿಲ್ಲೆಯಲ್ಲಿ. ರೈಸ್ ಕಾಲದ ಜಿಲ್ಲೆಗಳೇ ಬೇರೆ. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ, ಆದ್ದರಿಂದ ಮದ್ದೂರಿನ ಕಲ್ಲನ್ನು ಹಳೆಯ ಆವೃತ್ತಿಯ ಮೈಸೂರು ಸಂಪುಟದಲ್ಲಿ ಹುಡುಕಬೇಕು. ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಯಲ್ಲಿದ್ದರೂ ಆಗ ಶಿವಮೊಗ್ಗದವು. ಕಿತ್ತೂರು ಕರ್ನಾಟಕ (ಹಿಂದಿನ ಮುಂಬೈ ಕರ್ನಾಟಕ), ಬಳ್ಳಾರಿ, ಕರಾವಳಿಯವರು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಸಂಪುಟಗಳನ್ನೂ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನೂ ನೋಡಬೇಕು. ಅಲ್ಲೂ ಸಿಗದಿದ್ದರೆ ಫೋಟೊಗಳನ್ನು ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ಅಥವಾ ಕನ್ನಡ ವಿಭಾಗಕ್ಕೆ ಕಳುಹಿಸಿ. ಫೋಟೊದಿಂದ ಅಕ್ಷರ ಓದುವ ಮೊಬೈಲ್ ಆ್ಯಪ್‌ಗಳನ್ನು ನೆಚ್ಚಬೇಡಿ. ಅವು ಇಂದಿನ ಮುದ್ರಿತ ಕನ್ನಡಕ್ಕೆ ಸಿದ್ಧವಾದವು. ಗಂಗರ ಕಾಲದ ಲಿಪಿ ತೋರಿಸಿದರೂ ಏನೋ ಒಂದು ಉತ್ತರ ಕೊಟ್ಟೇ ಕೊಡುತ್ತವೆ.

ಶಾಸನದ ಪಾಠ ಸಿಕ್ಕಿದ ಮೇಲೆ ಕಾಲವನ್ನು ನೀವೇ ತಾಳೆ ನೋಡಿ, ಇದಕ್ಕೆ ಪಾಂಡಿತ್ಯ ಬೇಡ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ. ಪುಷ್ಯದ ನಂತರದ ತಿಂಗಳಾದರೆ 79. ಸಂವತ್ಸರ ಸರಿಯಿದೆಯೇ ಎಂದು ನೋಡಲು ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷದಷ್ಟನ್ನು ಮೊದಲ ಸಂವತ್ಸರವಾದ ಪ್ರಭವದಿಂದ ಎಣಿಸಿ. ಶೇಷ ಸೊನ್ನೆಯಾದರೆ ಕ್ಷಯ. 2025ರ ಯುಗಾದಿಗೆ ಆರಂಭವಾದ ಶಕ 1947ಕ್ಕೆ ಹಾಕಿ ನೋಡಿ: 1959ನ್ನು 60ರಿಂದ ಭಾಗಿಸಿದರೆ ಶೇಷ 39, ವಿಶ್ವಾವಸು. ಒಂದು ವರ್ಷ ಆಚೀಚೆಯಾದರೆ ಗಾಬರಿ ಬೇಡ. ಮದ್ದೂರು ತಾಲ್ಲೂಕಿನ ಆತಕೂರಿನ ಪ್ರಸಿದ್ಧ ಶಾಸನದಲ್ಲಿ ಶಕ 872, ಸೌಮ್ಯ ಸಂವತ್ಸರ ಎಂದಿದೆ. ಲೆಕ್ಕ ಹಾಕಿದರೆ 44 ಬರುತ್ತದೆ, ಅದು ಸಾಧಾರಣ; ಸೌಮ್ಯ 43ನೆಯದು. ಅಲ್ಲಿ ಮುಗಿದ ವರ್ಷಗಳನ್ನಷ್ಟೇ ಅಲ್ಲ, ಆಗ ನಡೆಯುತ್ತಿದ್ದ ವರ್ಷವನ್ನೂ ಸೇರಿಸಿ ಎಣಿಸಿದ್ದಾರೆ. ಆದ್ದರಿಂದಲೇ ಅದರ ಕಾಲ 949-50. ವ್ಯತ್ಯಾಸ ಹತ್ತಿಪ್ಪತ್ತು ವರ್ಷವಾದರೆ ಮಾತ್ರ ಓದಿನಲ್ಲೋ ಅಚ್ಚಿನಲ್ಲೋ ತಪ್ಪಿದೆ ಎಂದು ತಿಳಿಯಿರಿ.

ಆತಕೂರಿನ ಕಲ್ಲನ್ನು ಇನ್ನೊಂದು ಕಾರಣಕ್ಕೂ ನೆನೆಯುತ್ತೇನೆ. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಂದ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಾಳಿಗಾಗಿ ನಿಲ್ಲಿಸಿದ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ (ಅಲ್ಲಿನ ಶೈವ ಪೂಜಾರಿಗೆ) ಆ ನಾಯಿಯ ಪಾಪ ತಟ್ಟಲಿ ಎಂದು ಬರೆಸಿದ್ದಾರೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಊರು, ಒಂದು ನಾಯಿ, ಒಂದು ಕಲ್ಲು: ಒಂದು ಸಂಜೆಯ ಮಾತಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಬರಹವಿಲ್ಲದ ವೀರಗಲ್ಲಾದರೂ ಮಾತಿಲ್ಲದ್ದಲ್ಲ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವನ ಸನ್ನಿಧಿ. ಕೆಳಗೆ ದನಗಳಿದ್ದರೆ ಅದು ತುರುಗೊಳ್, ಅಂದರೆ ದನ ಹಿಡಿದೊಯ್ಯುವ ಕಾಳಗದ ಕಲ್ಲು; ಹೆಚ್ಚಾಗಿ ಊರ ದನಗಳನ್ನು ಬಿಡಿಸಲು ಹೋಗಿ ಸತ್ತವನದು. ಅಷ್ಟನ್ನು ಹೇಳಿ ನಿಲ್ಲಿಸಿ. ಹೆಸರಿಲ್ಲದ ವೀರನಿಗೆ ಜಾತಿ ಹಚ್ಚಲು ಯಾರಾದರೂ ಎದ್ದರೆ ‘ಕಲ್ಲಿನಲ್ಲಿ ಇದ್ದರೆ ತೋರಿಸಿ’ ಎಂಬ ಒಂದೇ ಉತ್ತರ ಕೊಡಿ, ಎಲ್ಲರಿಗೂ ಅದೇ ಉತ್ತರ.

4. ಹಿರಿಯರನ್ನು ಕೇಳುವುದು

‘ಅಜ್ಜಾ, ಅದು ಎಷ್ಟನೇ ಇಸವಿ?’ ಎಂದು ಕೇಳಿದರೆ ಅಜ್ಜ ಮುಜುಗರಪಟ್ಟು ಬಾಯಿಗೆ ಬಂದ ಇಸವಿ ಹೇಳುತ್ತಾರೆ. ‘ಆಗ ನಯಾಪೈಸೆ ಬಂದಿತ್ತೋ, ಆಣೆಯೇ ನಡೆಯುತ್ತಿತ್ತೋ?’ ಎಂದು ಕೇಳಿ. ಆಣೆ ನಡೆಯುತ್ತಿತ್ತು ಎಂದರೆ 1957ಕ್ಕಿಂತ ಹಿಂದಿನ ಮಾತು. ಊರಿಗೆ ಕರೆಂಟು ಬಂದಿತ್ತೇ, ದೊಡ್ಡ ಮಗಳು ಹುಟ್ಟಿದ್ದಳೇ ಎಂದು ಮುಂದುವರಿಸಿ. ತಾತನ ತಾತ ಬರದಲ್ಲಿ ಊರು ಬಿಟ್ಟ ಕಥೆ ಬಂದರೆ ಅದು ಧಾತು ಈಶ್ವರ ಬರವೇ ಎಂದು ವಿಚಾರಿಸಿ. ಆ ಎರಡು ಸಂವತ್ಸರಗಳು 1876 ಮತ್ತು 1877. ಹೆಳವರು ಬರುವ ಊರಾದರೆ ಅವರು ಹೇಳುವ ವಂಶಾವಳಿಯನ್ನು ಅನುಮತಿ ಕೇಳಿ ಧ್ವನಿಮುದ್ರಿಸಿಕೊಳ್ಳಿ. ಅಜ್ಜಿಯರನ್ನು ಜಗಲಿಗೆ ಕರೆಯಬೇಡಿ, ಅವರು ಅವರೆಕಾಳು ಸುಲಿಯುವ ಹೊತ್ತಿಗೆ ನೀವೇ ಒಳಗೆ ಹೋಗಿ ಕೂತು ಕೈಜೋಡಿಸಿ. ಗಂಡಸರ ಮುಂದೆ ಬಾರದ ಮಾತು ಅಲ್ಲಿ ಬರುತ್ತದೆ.

5. ಆ ಸಂಜೆ

ಡೇರಿಗೆ ಹಾಲು ಹಾಕುವ ಹೊತ್ತು ಮುಗಿದ ಮೇಲೆ ಆರಂಭಿಸಿ. ಸುಗ್ಗಿಯ ತಿಂಗಳು ಬೇಡ. ಜಾಗ ಎಲ್ಲ ಕೇರಿಯವರೂ ಅಳುಕಿಲ್ಲದೆ ಬಂದು ಕೂರುವಂಥದ್ದಾಗಿರಬೇಕು. ದೇವಸ್ಥಾನದ ಜಗಲಿಗಿಂತ ಶಾಲೆಯ ಅಂಗಳ ಮೇಲು. ಫ್ಲೆಕ್ಸ್ ಬೇಡ, ಅದರ ದುಡ್ಡಿನಲ್ಲಿ ಕಲ್ಲಿನ ದೊಡ್ಡ ಫೋಟೊ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ. ಅಗ್ಗದ ಬ್ಲೂಟೂತ್ ಸ್ಪೀಕರ್‌ಗಳು ಹಾಡಿಗೆ ಸರಿ. ಬಯಲಿನಲ್ಲಿ ಮಾತು ಅವುಗಳಲ್ಲಿ ಗೊಗ್ಗರಾಗುತ್ತದೆ. ಅರವತ್ತು ಜನರವರೆಗೆ ಮೈಕೇ ಬೇಡ, ಅರ್ಧಚಂದ್ರಾಕಾರದಲ್ಲಿ ಹತ್ತಿರ ಕೂರಿಸಿ.

ಸ್ವಾಗತ ಎರಡು ವಾಕ್ಯ. ಶಾಲೆಯ ಮಗುವೊಂದು ಶಾಸನದ ಎರಡು ಸಾಲು ಓದಲಿ, ಇನ್ನೊಂದು ಮಗು ಅದರ ಅರ್ಥ ಹೇಳಲಿ. ಆಮೇಲೆ ಇಪ್ಪತ್ತೈದು ನಿಮಿಷದ ಮಾತು, ಊರಿನವರದ್ದೇ. ಪ್ರತಿಯೊಂದು ಸಂಗತಿಗೂ ‘ಇದು ಕಲ್ಲಿನಲ್ಲಿದೆ’, ‘ಇದು ಕಂದಾಯ ದಾಖಲೆಯಲ್ಲಿದೆ’, ‘ಇದು ಜನ ಹೇಳುವುದು’ ಎಂದು ಬಿಡಿಸಿ ಹೇಳಬೇಕು. ಜನ ಹೇಳುವುದು ಕೀಳಲ್ಲ, ಆದರೆ ಕಲ್ಲಿನ ಮಾತಿನೊಡನೆ ಬೆರೆಸಿದರೆ ಎರಡೂ ಕೆಡುತ್ತವೆ. ಶಾಸನದಲ್ಲಿ ನಿಧಿಯ ಸುದ್ದಿ ಇಲ್ಲ, ಇರುವುದು ಇಷ್ಟು ಗದ್ದೆ ಯಾರಿಗೆ ಬಿಟ್ಟರು ಎಂಬ ಲೆಕ್ಕ ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ಹಾಗೆಯೇ ಊರ ಹೊರಗಿನ ಕಲ್ಲುಗಳ ನಿಖರ ಜಾಗವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ.

ಉಳಿದ ಹೊತ್ತೆಲ್ಲ ಊರವರದ್ದು. ಯಾರೋ ಎದ್ದು ‘ಆ ಹೊಲಕ್ಕೆ ನಮ್ಮಪ್ಪ ಬೇರೆ ಹೆಸರು ಹೇಳುತ್ತಿದ್ದರು’ ಎನ್ನುತ್ತಾರೆ. ಸಂಜೆಯ ನಿಜವಾದ ಗಳಿಕೆ ಅದು. ತಡೆಯಬೇಡಿ, ತಿದ್ದಬೇಡಿ, ಮೊಬೈಲ್ ಧ್ವನಿಮುದ್ರಿಸುತ್ತಿರಲಿ, ಒಬ್ಬರು ನೋಟ್‌ಬುಕ್ಕಿನಲ್ಲೂ ಬರೆಯಲಿ.

6. ಮಾರನೆಯ ದಿನ

ರಾತ್ರಿಯ ಮಾತು ಹಸಿಯಾಗಿರುವಾಗಲೇ ನಾಲ್ಕು ಪುಟದಲ್ಲಿ ಬರೆದಿಡಿ. ಯಾರು ಹೇಳಿದ್ದು, ಅವರ ವಯಸ್ಸು, ಯಾವ ಕೇರಿ, ಯಾವ ದಿನ ಎಂಬುದು ಇಲ್ಲದ ಟಿಪ್ಪಣಿ ಹತ್ತು ವರ್ಷದ ನಂತರ ಯಾರಿಗೂ ಉಪಯೋಗವಿಲ್ಲ. ಧ್ವನಿಮುದ್ರಿಕೆಯ ಕಡತಕ್ಕೂ ದಿನಾಂಕ ಮತ್ತು ವಿಷಯದ ಹೆಸರಿಡಿ. ಒಂದು ಪ್ರತಿ ಶಾಲೆಗೆ, ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ, ಮೂರನೆಯದು ಮಾತಾಡಿದ ಹಿರಿಯರ ಮನೆಗೆ. ಓದಲು ಬಾರದ ಹಿರಿಯರಾದರೆ ಅವರ ಮೊಮ್ಮಕ್ಕಳಿಂದ ಓದಿಸಿ ಕೇಳಿಸಿ. ತಪ್ಪು ಬರೆದಿದ್ದರೆ ಅಲ್ಲಿಯೇ ತಿದ್ದಿಸಿಕೊಂಡು ಬನ್ನಿ.