ಒಂದೂವರೆ ಕಟ್ಟೆ ಶ್ರುತಿಯಲ್ಲಿ ಡೆಲ್ಫಿನಾಳ ವಾಲ್ಟ್ಜ್: ನನ್ನ ಅನುಭವ

ಪೋಲೆಂಡಿನ ಪಿಯಾನೋ ಸಂಯೋಜಕ ಶೋಪ್ಯಾನ್‌ನ ಡಿ ಫ್ಲ್ಯಾಟ್ ವಾಲ್ಟ್ಜ್ (ಮೂರರ ತಾಳದ ನೃತ್ಯಸಂಗೀತ), ಅಂದ್ರೆ ಓಪಸ್ (ಕೃತಿಸಂಖ್ಯೆ) 64ರ ಮೊದಲನೆಯದು, ಕೊನೆಗೂ ನನ್ನ ಕೈಗೆ ಕೂತಿದೆ. ಅದನ್ನು ಸ್ವರ ಹಾಡಿ ಕಲಿತೆ. "ಪಿಯಾನೋಗೂ ಸರಿಗಮಕ್ಕೂ ಏನ್ರೀ ಸಂಬಂಧ?" ಅಂದಿದ್ದ ಮೇಷ್ಟ್ರು ಈಗ ಇನ್ನೊಮ್ಮೆ ನುಡಿಸಿ ಅಂತಾರೆ.

ಮೊದಲು ಎಲ್ಲರ ದಾರಿಯನ್ನೇ ಹಿಡಿದಿದ್ದೆ. ಲಯ ತೋರಿಸಲು ಟಕ್ ಟಕ್ ಅನ್ನುವ ಮೆಟ್ರೊನೋಮ್ ನಿಧಾನಕ್ಕಿಟ್ಟು ನಾಲ್ಕು ನಾಲ್ಕು ಏರಿಸೋದು. ಅರ್ಧ ದಾರಿಗೆ ಬಲಗೈ ಬಿಗಿದುಕೊಳ್ಳುತ್ತಿತ್ತು. ಆಮೇಲೆ ಖಾಸಗಿ ಪಾಠ, ಗಂಟೆಗೆ ಸಾವಿರದ ಚಿಲ್ಲರೆ. ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಕೀಬೋರ್ಡಿನದೇ ದೋಷ ಅಂದರು ಅಂತ ತೂಕದ ಕೀಗಳಿರುವ ಡಿಜಿಟಲ್ ಪಿಯಾನೋ ಸೆಕೆಂಡ್ ಹ್ಯಾಂಡ್ ತಗೊಂಡೆ, ಸುಮಾರು 40 ಸಾವಿರ. ಬೆರಳಿಗೆ ಬಲ ಬಂತು, ಬಿಗಿತ ಹೋಗಲಿಲ್ಲ.

ದಾರಿ ಸಿಕ್ಕಿದ್ದು ಅರ್ಪಣೆಯ ಸಾಲಿನಿಂದ. 1847ರಲ್ಲಿ ಅಚ್ಚಾದ ಈ ವಾಲ್ಟ್ಜ್ ಕೌಂಟೆಸ್ ಡೆಲ್ಫಿನಾ ಪೊಟೊತ್ಸ್ಕಾಳಿಗೆ ಅರ್ಪಣೆ. ಪ್ಯಾರಿಸ್‌ನಲ್ಲಿ ಶೋಪ್ಯಾನ್‌ನ ಪಾಠಕ್ಕೆ 20 ಫ್ರಾಂಕ್. ಇಂಥ ದೊಡ್ಡ ಮನೆಗಳ ಶಿಷ್ಯೆಯರಿಂದಲೇ ಅವನ ಜೀವನ ನಡೆಯುತ್ತಿತ್ತು. ಆದರೆ ಡೆಲ್ಫಿನಾ ಸುಮ್ನೆ ಫೀಸು ಕೊಟ್ಟು ಹೋಗುವವಳಲ್ಲ. ಒಳ್ಳೆಯ ಹಾಡುಗಾರ್ತಿ. ಪಿಯಾನೋ ಮತ್ತು ವಾದ್ಯವೃಂದಕ್ಕೆ ಬರೆದ ಎಫ್ ಮೈನರ್ ಕಾನ್ಸೆರ್ಟೊ ಕೂಡ ಅವಳಿಗೇ ಅರ್ಪಿಸಿದ್ದು. 1849ರ ಅಕ್ಟೋಬರ್‌ನಲ್ಲಿ ಅವನು ಸಾಯುವ ಹೊತ್ತಿಗೆ ನೀಸ್‌ನಿಂದ ಬಂದು ಅವನೆದುರು ಹಾಡಿದಳು. ಪಿಯಾನೋ ನುಡಿಸಬೇಕಾದರೆ ಹಾಡಬೇಕು ಅಂತ ಅವನು ಶಿಷ್ಯರಿಗೆ ಹೇಳುತ್ತಿದ್ದ. ನಾಯಿಮರಿ ತನ್ನ ಬಾಲ ಹಿಡಿಯಲು ಸುತ್ತಿದ್ದು ನೋಡಿ ಈ ವಾಲ್ಟ್ಜ್ ಹುಟ್ಟಿತು ಅನ್ನೋ ಕಥೆಯನ್ನೇ ಎಲ್ಲರೂ ಹೇಳ್ತಾರೆ. ನನಗೆ ಕೆಲಸಕ್ಕೆ ಬಂದಿದ್ದು ಈ ಹಾಡುಗಾರ್ತಿ.

ಶ್ರುತಿ ಒಂದೂವರೆ ಕಟ್ಟೆಗೆ ಇಟ್ಟೆ (ಕಟ್ಟೆ ಅಂದ್ರೆ ಶ್ರುತಿಯ ಎತ್ತರದ ಅಳತೆ). ಡಿ ಫ್ಲ್ಯಾಟ್ ಷಡ್ಜ ಆಯಿತು. ಈಗ ಶುರುವಿನ ಆ ಸುತ್ತಾಟ ಹಾಡಿ ನೋಡಿ: ಮ ಪ ನಿ ದ, ಮ ಪ ನಿ ದ. ಮಧ್ಯಮ ಮಾತ್ರ ಪ್ರತಿಮಧ್ಯಮ, ಅಂದ್ರೆ ಎತ್ತರದ ಮ. ತಾಳ ಮೂರರದು, ಗುಂಪು ನಾಲ್ಕರದು! ಒಂದು ಬಾರ್‌ಗೆ (ತಾಳದ ಒಂದು ಸುತ್ತಿಗೆ) ಆರು ಸ್ವರ, ಎರಡು ಬಾರ್‌ಗೆ ಮೂರು ಗುಂಪು. ಮೆಟ್ರೊನೋಮ್ ಜೊತೆ ನುಡಿಸಿದರೆ ಪ್ರತಿ ಬಾರ್‌ನ ತಲೆಗೆ ಒತ್ತು ಬೀಳುತ್ತೆ, ಕೈ ಅಲ್ಲೇ ಬಿಗಿಯುತ್ತೆ. ಅದಕ್ಕೇ ತೊಡೆಯ ಮೇಲೆ ಮೂರರ ತಾಳ, ಬಾಯಲ್ಲಿ ನಾಲ್ಕರ ಗುಂಪು. ಎರಡು ಮೂರು ವಾರ ಪಿಯಾನೋ ಮುಟ್ಟಲೇ ಇಲ್ಲ. ಕಚೇರಿಯಲ್ಲಿ ಮೃದಂಗದ ತನಿ ಆವರ್ತನ ಕೇಳಿ ಬೆಳೆದವರಿಗೆ ಇದೇನು ಕಷ್ಟ ಅಲ್ವಾ? ಕೂತು ನುಡಿಸಿದಾಗ ಕೈ ಸಡಿಲವಾಗಿತ್ತು. ವೇಗ ಅದರ ಹಿಂದೆಯೇ ಬಂತು.

ಮಧ್ಯದ ಉದ್ದ ಸ್ವರಗಳನ್ನೂ ಹಾಡಿಯೇ ಕಲಿತೆ. ಉಸಿರು ತಗೊಳ್ಳುವ ಕಡೆ, ಸ್ವರವನ್ನು ಎಳೆದು ಹಿಡಿಯುವ ಪೆಡಲ್ ಬಿಡ್ತೀನಿ. ಅಲ್ಲಿ ಗಮಕ ಹಾಕಿಯೂ ಹಾಡಿ ನೋಡಿದೆ. ಕೇಳೋಕೆ ಚೆಂದ, ಕೀಗೆ ಇಳಿಯಲ್ಲ. ಮೊದಲ ಭಾಗಕ್ಕೆ ವಾಪಸ್ ಬರುವಾಗಿನ ಉದ್ದ ಟ್ರಿಲ್‌ಗೆ (ಅಕ್ಕಪಕ್ಕದ ಎರಡು ಸ್ವರ ಬೇಗ ಬೇಗ ಬದಲಿಸೋದು) ಯಾವ ಬೆರಳು ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೆ ತುಂಬಾ ಬೆವರು ಹರಿಸಿದ್ದೀನಿ.

ಇದೇ ಉಪಾಯ ಎರಡನೆಯ ವಾಲ್ಟ್ಜ್‌ಗೆ, ರಾಥ್‌ಚೈಲ್ಡ್ ಮನೆತನದ ಶಾರ್ಲಟ್‌ಗೆ ಅರ್ಪಿಸಿದ್ದಕ್ಕೆ, ನಡೆಯಲಿಲ್ಲ. ಅಲ್ಲಿನ ಓಟಕ್ಕೆ ಸ್ವರ ಹೇಳೋದೇ ಅಡ್ಡಿ.

ಈಗ ಪೂರ್ತಿ ನುಡಿಸೋಕೆ ಒಂದು ಮುಕ್ಕಾಲು ನಿಮಿಷದ ಆಸುಪಾಸು. 'ಮಿನಿಟ್ ವಾಲ್ಟ್ಜ್' ಅನ್ನೋ ಅಡ್ಡಹೆಸರು ನೋಡಿ ಒಂದೇ ನಿಮಿಷಕ್ಕೆ ಮುಗಿಸುವ ಪಂದ್ಯ ನನಗೆ ಬೇಡ, ಮಧ್ಯದ ಹಾಡು ಸತ್ತು ಹೋಗುತ್ತೆ. ಸದ್ಯ ಕೌಂಟೆಸ್ ಬ್ರಾನಿತ್ಸ್ಕಾಳಿಗೆ ಅರ್ಪಿಸಿದ ಮೂರನೆಯದನ್ನು ಹಿಡಿದಿದ್ದೀನಿ. ಅದು ಐದೂವರೆ ಕಟ್ಟೆ, ನನ್ನ ಗಂಟಲಿಗೆ ಎಟುಕಲ್ಲ. ತಂಗಿ ಹಾಡ್ತಾಳೆ, ನಾನು ನುಡಿಸ್ತೀನಿ.