ಬೆಳಗಿನ ನಾಡಿ ಹಿಡಿದು ಓಟದ ಲೆಕ್ಕ

ಓಡಲು ಶುರುಮಾಡಿದ ಮೇಲೆ ಹೃದಯ ಪಳಗುತ್ತಿದೆಯೇ ಎಂದು ನೋಡಲು ಎರಡು ಬೆರಳು, ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು.

ಎಚ್ಚರವಾದ ಕೂಡಲೇ, ಕಾಫಿಗೆ ಮೊದಲು, ಮಲಗಿದಲ್ಲೇ ಎಣಿಸಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಒಳಬದಿಗೆ ತೋರುಬೆರಳು, ನಡುಬೆರಳು ಹಗುರವಾಗಿ ಇಡಿ. ಹೆಬ್ಬೆರಳಿನಿಂದ ಹಿಡಿದರೆ ಅದರದೇ ಮಿಡಿತ ಎಣಿಕೆಗೆ ಸೇರುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಬೇಡ; ಒಂದು ತಪ್ಪಿದರೆ ನಾಲ್ಕು ತಪ್ಪಿದಂತೆ. ಪೂರ್ತಿ 60 ಸೆಕೆಂಡು ಎಣಿಸಿ, ಮೂರು ದಿನದ ಸರಾಸರಿ ಬರೆದಿಡಿ.

ವಾರಕ್ಕೆ ನಾಲ್ಕೈದು ದಿನ ಓಡಿದರೆ ಕೆಲವು ತಿಂಗಳಲ್ಲಿ ಈ ಅಂಕಿ ಇಳಿಯುತ್ತದೆ. ವಿಶ್ರಾಂತಿಯಲ್ಲಿ ದೇಹಕ್ಕೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. ಬಡಿತಕ್ಕೆ 70 ಮಿ.ಲೀ. ಹೊರಟರೆ 72 ಸಲ ಬಡಿಯಬೇಕು, 100 ಮಿ.ಲೀ. ಹೊರಟರೆ 50 ಸಲ ಸಾಕು. ಮೊದಲ ವಾರಗಳಲ್ಲಿ ರಕ್ತದ ದ್ರವಾಂಶ ಹೆಚ್ಚಿ, ಪ್ರತಿ ಬಡಿತಕ್ಕೆ ಹೊರಡುವ ರಕ್ತವೂ ಹೆಚ್ಚುತ್ತದೆ. ಹೃದಯದ ಎಡ ಕೆಳಕೋಣೆ ಹಿಗ್ಗುವುದು ನಿಧಾನ, ವರ್ಷಗಳ ಕೆಲಸ. 1899ರಲ್ಲಿ ಸ್ವೀಡನ್ನಿನ ವೈದ್ಯ ಹೆನ್ಷೆನ್ ಸ್ಕೀ ಓಟಗಾರರ ಎದೆಯನ್ನು ಬೆರಳಿನಿಂದ ತಟ್ಟಿ, ಬರೀ ಸದ್ದಿನಿಂದಲೇ ಇದನ್ನು ಗುರುತಿಸಿದ್ದರು!

ಗರಿಷ್ಠ ಬಡಿತ ಮಾತ್ರ ತಾಲೀಮಿನಿಂದ ಏರುವುದಿಲ್ಲ. 220ರಲ್ಲಿ ವಯಸ್ಸು ಕಳೆಯುವ ಸೂತ್ರ ಬರೀ ಅಂದಾಜು. ಹತ್ತು ಆಚೀಚೆ ಆಗುವುದು ಮಾಮೂಲು.

ಈಗ ಓಟದ ವೇಗ. ವಯಸ್ಸು 40, ಬೆಳಗಿನ ನಾಡಿ 70 ಎನ್ನಿ. ಗರಿಷ್ಠ 180ರಲ್ಲಿ 70 ಕಳೆದರೆ 110. ಅದರ ಅರ್ಧ 55, ಶೇ 60 ಅಂದರೆ 66. ಎರಡಕ್ಕೂ 70 ಕೂಡಿಸಿ. 125ರಿಂದ 136ರೊಳಗೆ ಹಗುರ ಓಟ. ಈ ವೇಗದಲ್ಲಿ ಪಕ್ಕದವರ ಜತೆ ಪೂರ್ತಿ ವಾಕ್ಯ ಆಡಲು ಬರಬೇಕು. ಏದುಸಿರು ಬಂದರೆ ಸೂತ್ರ ಬಿಟ್ಟು ಉಸಿರನ್ನೇ ನಂಬಿ. ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಈ ಲೆಕ್ಕ ಹೊಂದದು, ಮಾತ್ರೆಯೇ ಬಡಿತವನ್ನು ತಗ್ಗಿಸಿರುತ್ತದೆ.

ನಾಡಿ ತೋರಿಸುವ ಕೈಗಡಿಯಾರ ಕಟ್ಟಿದ್ದು, ಅದರ ಪಟ್ಟಿ ಸಡಿಲವಿದ್ದರೆ ಅದು ನಾಡಿ ಬಿಟ್ಟು ಹೆಜ್ಜೆ ಎಣಿಸಿಬಿಡುತ್ತದೆ. ಹಗುರ ಓಟದಲ್ಲೂ 165 ಎಂದು ತೋರಿಸಿದರೆ ಗಾಬರಿ ಬೇಡ, ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಬಿಗಿಯಿರಿ.

ಓಟ ಮುಗಿಸಿ ಥಟ್ಟನೆ ನಿಲ್ಲಬೇಡಿ. ರಕ್ತ ಕಾಲಲ್ಲೇ ತಂಗಿ ತಲೆ ಸುತ್ತುತ್ತದೆ; ಐದು ನಿಮಿಷ ನಡೆಯಿರಿ.

ಬೆಳಗಿನ ನಾಡಿ ಎರಡು ದಿನ ಸತತ ಏಳೆಂಟು ಏರಿದ್ದರೆ ನಿದ್ದೆಗೇಡೋ, ನೀರು ಸಾಲದ್ದೋ, ಜ್ವರದ ಮುನ್ಸೂಚನೆಯೋ ಇರಬಹುದು. ಅಂದು ಓಟಕ್ಕೆ ರಜೆ. ಪಳಗಿದ ಓಟಗಾರರಲ್ಲಿ 45 ಸಹಜವೇ. ಆದರೆ ಓಡುವಾಗ ಎದೆ ಹಿಡಿದರೆ, ಕಣ್ಣು ಕತ್ತಲಿಟ್ಟು ಬಿದ್ದರೆ, ಇಸಿಜಿ ಆಗಿ ವೈದ್ಯರು ನೋಡುವವರೆಗೆ ಶೂ ಕಟ್ಟಬೇಡಿ.