ಹೃದಯಕ್ಕೆ ಜೀವಂತ ಪೇಸ್‌ಮೇಕರ್: ತಯಾರಿ ಹೇಗೆ?

2025ರ ಮಳೆಗಾಲದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಹಾಸನದ ಜನ ಗಾಬರಿಯಾಗಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲು ನಿಂತಿದ್ದು ನೆನಪಿದೆ ಅಲ್ವಾ? ಅಲ್ಲಿಂದ ಈಚೆಗೆ ನಮ್ಮ ಜಿಲ್ಲೆಯಲ್ಲಿ ಹೃದಯದ ಬಗ್ಗೆ ಪ್ರಶ್ನೆಗಳು ಜಾಸ್ತಿ. ಬ್ಯಾಟರಿ ಇಲ್ಲದ, ಜೀವಕೋಶದ ಪೇಸ್‌ಮೇಕರ್ ಬರುತ್ತದಂತೆ, ಹೌದಾ ಎಂಬುದು ಅದರಲ್ಲೊಂದು. ಪ್ರಯೋಗಾಲಯದಲ್ಲಿ ಬಂದಿದೆ, ಆಸ್ಪತ್ರೆಗೆ ಬಂದಿಲ್ಲ.

ಪೇಸ್‌ಮೇಕರ್ ಅಂದರೆ ಹೃದಯದ ಮಿಡಿತ ನಡೆಸುವ ಪುಟ್ಟ ಯಂತ್ರ, ಹೃದಯಾಘಾತಕ್ಕೆ ಮದ್ದಲ್ಲ. ಹೆಚ್ಚಾಗಿ ಮಿಡಿತ ತೀರಾ ನಿಧಾನವಾದವರಿಗೆ ಅದನ್ನು ಹಾಕುತ್ತಾರೆ. ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಕೋಶಗಳ ಗುಂಪಿದೆ. ಸುಮ್ನೆ ಕೂತಿದ್ದಾಗ ಅದು ನಿಮಿಷಕ್ಕೆ 60ರಿಂದ 100 ಸಲ ಸಂಕೇತ ಕೊಡುತ್ತದೆ. ಬೇಲೂರಿನ ತೇರಿನಲ್ಲಿ ಒಬ್ಬ ಕೂಗು ಹಾಕಿದರೆ ನೂರಾರು ಜನ ಒಟ್ಟಿಗೆ ಹಗ್ಗ ಜಗ್ಗುತ್ತಾರಲ್ಲ, ಆ ಕೂಗಿನ ಕೆಲಸ ಇದರದು. ಅಂಥ ಕೋಶಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಹೃದಯಕ್ಕೆ ಸೇರಿಸುವುದೇ ಜೀವಂತ ಪೇಸ್‌ಮೇಕರ್.

ಹಂತ 1: ಚರ್ಮದ ಅಥವಾ ರಕ್ತದ ಕೋಶ ತೆಗೆದುಕೊಂಡು, ಅದನ್ನು ಯಾವ ಅಂಗದ ಕೋಶವಾಗಿಯೂ ಬೆಳೆಯಬಲ್ಲ ಸ್ಟೆಮ್ ಸೆಲ್ ಆಗಿ ತಿರುಗಿಸಬೇಕು. ನಾಲ್ಕು ಜೀನ್ ಸೇರಿಸಿದರೆ ಇದು ಆಗುತ್ತದೆ ಎಂದು 2006ರಲ್ಲಿ ಇಲಿಯ ಕೋಶದಲ್ಲಿ, ಮರುವರ್ಷ ಮನುಷ್ಯರ ಕೋಶದಲ್ಲಿ ತೋರಿಸಿದವರು ಜಪಾನಿನ ಶಿನ್ಯಾ ಯಮನಾಕ. 2012ರ ವೈದ್ಯಕೀಯ ನೊಬೆಲ್ ಇನ್ನೊಬ್ಬರ ಜೊತೆ ಅವರಿಗೆ ಸಿಕ್ಕಿತು.

ಹಂತ 2: ಸ್ಟೆಮ್ ಸೆಲ್ ಅನ್ನು ಸೈನಸ್ ನೋಡ್‌ನ ಕೋಶವಾಗಿ ಬೆಳೆಸಬೇಕು. ಕಷ್ಟ ಇರುವುದೇ ಇಲ್ಲಿ. ಭ್ರೂಣದಲ್ಲಿ ಹೃದಯ ರೂಪುಗೊಳ್ಳುವಾಗ ಸಿಗುವ ಸಂಕೇತಗಳನ್ನೇ ಪ್ರಯೋಗಾಲಯದ ತಟ್ಟೆಯಲ್ಲೂ ಸರಿಯಾದ ದಿನ, ಸರಿಯಾದ ಪ್ರಮಾಣದಲ್ಲಿ ಕೊಡಬೇಕು. ದಿನ ತಪ್ಪಿದರೆ ಬರೀ ಹೃದಯದ ಮಾಂಸಖಂಡದ ಕೋಶ ಬರುತ್ತದೆ. ಅದೂ ಮಿಡಿಯುತ್ತದೆ, ಆದರೆ ಮುಂದಾಳುತನ ಅದಕ್ಕಿಲ್ಲ. ಕೆನಡಾದ ಟೊರಾಂಟೊ ತಂಡ ಸುಮಾರು ಮೂರು ವಾರದಲ್ಲಿ ಇದನ್ನು ಸಾಧಿಸಿ 2017ರಲ್ಲಿ ಪ್ರಕಟಿಸಿತು. ಇಲಿಗಳ ಹೃದಯದಲ್ಲಿ ಆ ಕೋಶಗಳೇ ಮಿಡಿತ ನಡೆಸಿದವು.

ಹಂತ 3: ಬೇಡದ ಕೋಶಗಳನ್ನು ಬೇರ್ಪಡಿಸಬೇಕು. ಬದಲಾಗದ ಸ್ಟೆಮ್ ಸೆಲ್ ಉಳಿದರೆ ಗಡ್ಡೆ ಬೆಳೆಯಬಹುದು.

ಹಂತ 4: ವಿದ್ಯುತ್ ಪರೀಕ್ಷೆ. ಅಡ್ರಿನಲಿನ್ ಎಂಬ ಹಾರ್ಮೋನ್ ಹಾಕಿದಾಗ ಕೋಶ ವೇಗ ಹೆಚ್ಚಿಸಬೇಕು. ಶ್ರವಣಬೆಳಗೊಳದ ಮೆಟ್ಟಿಲು ಹತ್ತುವಾಗ ನಮ್ಮ ಹೃದಯ ಮಾಡುವುದೂ ಅದನ್ನೇ. ಈಗಿನ ಹೆಚ್ಚಿನ ಪೇಸ್‌ಮೇಕರ್ ಯಂತ್ರಗಳಲ್ಲಿ ಓಡಾಟ ಗುರುತಿಸುವ ಸೆನ್ಸರ್ ಇದೆ. ಆದರೆ ಭಯಕ್ಕೂ ಸಂತೋಷಕ್ಕೂ ಓಗೊಡುವುದು ಜೀವಂತ ಕೋಶ. ನನಗೆ ಈ ಸಂಶೋಧನೆಯ ಮೇಲೆ ಇಷ್ಟೊಂದು ಆಸೆ ಇರುವುದು ಇದಕ್ಕೇ.

ಹಂತ 5: ಸೂಜಿಯಲ್ಲಿ ಹೃದಯಕ್ಕೆ ಸೇರಿಸುವುದು. ಇಸ್ರೇಲಿನ ಹೈಫಾ ತಂಡ 2004ರಲ್ಲೇ, ಭ್ರೂಣದ ಸ್ಟೆಮ್ ಸೆಲ್‌ನಿಂದ ಬೆಳೆಸಿದ ಹೃದಯದ ಕೋಶ ಬಳಸಿ, ಹಂದಿಗಳಲ್ಲಿ ಇದನ್ನು ಮಾಡಿ ತೋರಿಸಿತ್ತು. ಆದರೆ ಚುಚ್ಚಿದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ. ಉಳಿದವು ಅಡ್ಡಾದಿಡ್ಡಿ ಮಿಡಿದರೆ ಜೀವಕ್ಕೇ ಅಪಾಯ. ಹತ್ತಾರು ವರ್ಷ ಅವು ಒಂದೇ ಕಡೆ ಕೂತು ದುಡಿಯಬೇಕು. ಇದಿನ್ನೂ ಕೈಗೆ ಸಿಕ್ಕಿಲ್ಲ.

ಹಾಗಾಗಿ ಡಾಕ್ಟರು ಪೇಸ್‌ಮೇಕರ್ ಹಾಕಬೇಕು ಅಂದರೆ ಇದಕ್ಕಾಗಿ ಕಾಯಬೇಡಿ. ಕೆಲವು ವರ್ಷಕ್ಕೊಮ್ಮೆ ಯಂತ್ರ ಬದಲಾಯಿಸಬೇಕು ನಿಜ, ಆದರೆ ಅದು ಇವತ್ತು ಜೀವ ಕಾಯುತ್ತಿದೆ. ಸ್ಟೆಮ್ ಸೆಲ್‌ನಿಂದ ಹೃದಯ ಸರಿಮಾಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಇಂಥದ್ದನ್ನು ಒಪ್ಪುವುದಿಲ್ಲ. ಇದು ಪ್ರಯೋಗ ಎಂದು ಅವರು ಹೇಳಿದರೆ, ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಅದನ್ನು ನಿಮ್ಮ ಹೃದಯ ತಜ್ಞರಿಗೆ ತೋರಿಸಿ.